ಒಣಗಿತೇನಮ್ಮಾ?

ಗಾಜಿನ ಮೀನುತೊಟ್ಟಿ ಸೋರತೊಡಗಿದರೆ ಸೋರುವುದಕ್ಕಿಂತ ಹೆಚ್ಚು ಸಿಟ್ಟು ತರಿಸುವುದು, ಎಲ್ಲಿ ಸೋರುತ್ತಿದೆ ಎಂಬುದನ್ನು ಅದು ಬಾಯಿಬಿಟ್ಟು ಹೇಳದಿರುವುದು. ನಮ್ಮ ತೊಟ್ಟಿಯ ಕೆಳಗಿನ ಹಲಗೆ ಒದ್ದೆಯಾಗುತ್ತಿದ್ದದ್ದು ಮುಂಭಾಗದ ಎಡಮೂಲೆಯಲ್ಲಿ. ನೀರು ಬದಲಿಸುವಾಗ ನಾನೇ ಚೆಲ್ಲಿರಬೇಕು ಎಂದು ಮನೆಮಂದಿ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟರು. ನೀರಿನ ಮಟ್ಟ ಇಳಿಯುತ್ತಿರುವುದನ್ನು ತೋರಿಸಿದಾಗ, ಆವಿಯಾಗಿ ಹೋಗುತ್ತಿದೆ ಎಂದು ತೀರ್ಪನ್ನು ತಿದ್ದಿದರು. ಕೊನೆಗೆ ಹೊರಮೈಯನ್ನೆಲ್ಲ ಒರೆಸಿ, ಸುತ್ತಲೂ ಒಣ ಕಾಗದದ ಪಟ್ಟಿಗಳನ್ನಿಟ್ಟು, ಯಾವುದು ಮೊದಲು ನೆನೆಯುತ್ತದೆಂದು ಕಾದು ಕುಳಿತಾಗ ತಿಳಿದದ್ದೇನೆಂದರೆ, ನೀರು ಹೊರಡುತ್ತಿದ್ದದ್ದು ಹಿಂಬದಿಯ ಬಲಮೂಲೆಯ ಬೆಸುಗೆಯಿಂದ. ಅದು ತಳದ ಅಂಚನ್ನು ಹಿಡಿದು ಸದ್ದಿಲ್ಲದೆ ತೊಟ್ಟಿಯನ್ನೆಲ್ಲ ಬಳಸಿ ಬಂದು, ಎಲ್ಲರಿಗೂ ಕಾಣುವ ಕಡೆಯಲ್ಲೇ ತೊಟ್ಟಿಕ್ಕುತ್ತಿತ್ತು.

ತೊಟ್ಟಿಯನ್ನು ಬರಿದು ಮಾಡುವುದು ಕೂಡ ಹೇಳಿದಷ್ಟು ಸುಲಭವಲ್ಲ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತುಂಬಿದರೆ ನೀರೊಂದೇ 54 ಲೀಟರ್, ಅಂದರೆ 54 ಕಿಲೋ. ಗಾಜು ಮತ್ತು ಕಲ್ಲುಗಳ ಭಾರ ಬೇರೆ. ಆದ್ದರಿಂದ ಕೊಳವೆ ಹಾಕಿ ನೀರಿಳಿಸಿ, ಅದೇ ನೀರು ತುಂಬಿದ ಬಕೆಟ್ಟಿಗೆ ಮೀನುಗಳನ್ನು ಬಿಟ್ಟು, ಗಾಳಿಯ ಪಂಪನ್ನು ಜೋಡಿಸಿದೆ. ಫಿಲ್ಟರಿನ ಕೊಳಕು ಸ್ಪಂಜನ್ನೂ ಜೋಪಾನವಾಗಿ ಅದರೊಳಗೇ ಇಟ್ಟದ್ದನ್ನು ನೋಡಿ ನನ್ನ ಯಜಮಾನರು ನಕ್ಕರು. ಮೀನುಗಳು ಹೊರಹಾಕುವ ಅಮೋನಿಯಾವನ್ನು ನೈಟ್ರೈಟಾಗಿಯೂ, ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಆ ಕೊಳಕಿನಲ್ಲೇ ವಾಸವಾಗಿವೆಯೆಂದೂ, ಒಣಗಿಸಿದರೆ ಅಥವಾ ಕ್ಲೋರಿನ್ ಇರುವ ನಲ್ಲಿಯ ನೀರಿನಲ್ಲಿ ತೊಳೆದರೆ ಅವು ಸಾಯುತ್ತವೆಯೆಂದೂ ವಿವರಿಸುವಷ್ಟರಲ್ಲಿ ಅವರು ಇನ್ನೊಂದು ಕೋಣೆ ಸೇರಿದ್ದರು.

ಇನ್ನು ಗಾಜುಗಳನ್ನು ಬೆಸೆಯುವ ಸಿಲಿಕೋನ್ ಅಂಟಿನ ವಿಷಯ. ಹಳೆಯ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಸೋರುವ ಜಾಗಕ್ಕೆ ಒಂದಿಷ್ಟು ಮೆತ್ತಿ ಕೈತೊಳೆದುಕೊಳ್ಳಬಹುದೆಂದು ತಿಳಿದವರು ಮರುವಾರ ಮತ್ತೆ ನೆಲ ಒರೆಸುತ್ತಾರೆ. ಒಳಗಿನ ಅಂಚುಗಳ ಅಂಟನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದು, ಗಾಜನ್ನು ಆಲ್ಕೋಹಾಲಿನಿಂದ ಒರೆಸಿ, ಬೂಷ್ಟು ತಡೆಯುವ ಔಷಧ ಬೆರೆಸಿದ ಸ್ನಾನದ ಮನೆಯ ಸಿಲಿಕೋನನ್ನು ಬಳಸದೆ, ಮೀನುಗಳಿಗೆ ಅಪಾಯವಿಲ್ಲದ ಶುದ್ಧ ಸಿಲಿಕೋನನ್ನೇ ಹಾಕಬೇಕು. ಅದು ಗಾಳಿಯಲ್ಲಿನ ತೇವವನ್ನು ಹೀರಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುವುದರಿಂದ ಮನೆಯೆಲ್ಲ ವಿನೆಗರಿನ ವಾಸನೆ ಹಿಡಿಯುತ್ತದೆ. ಮೇಲ್ಪದರ ಕೆಲವೇ ನಿಮಿಷಗಳಲ್ಲಿ ಒಣಗಿದಂತೆ ಕಂಡರೂ ಒಳಗೆ ಅದು ಇನ್ನೂ ಹಸಿಯಾಗಿಯೇ ಇರುತ್ತದೆ. ಕಡಿಮೆಯೆಂದರೂ 24 ಗಂಟೆ, ದಪ್ಪಗೆ ಹಾಕಿದ್ದರೆ ಅದಕ್ಕೂ ಹೆಚ್ಚು ಹೊತ್ತು ಯಾರೂ ಅದನ್ನು ಮುಟ್ಟಕೂಡದು.

ಯಾರೂ ಎಂದರೆ ಅದರಲ್ಲಿ ತಾವು ಸೇರುವುದಿಲ್ಲವೆಂಬುದು ನಮ್ಮ ಮಾವನವರ ನಂಬಿಕೆ. ಅವರು ಸಜ್ಜನರು, ಮಿತಭಾಷಿಗಳು, ಯಾರ ಕೆಲಸದಲ್ಲಿಯೂ ತಲೆಹಾಕುವವರಲ್ಲ. ಆದರೆ ಒಣಗಬೇಕಾದ ವಸ್ತು ಯಾವುದೇ ಇರಲಿ, ಬಣ್ಣ ಹಚ್ಚಿದ ಬಾಗಿಲಾಗಲಿ, ಸಿಮೆಂಟು ಸವರಿದ ನೆಲವಾಗಲಿ, ಅವರ ಬಲಗೈಯ ತೋರುಬೆರಳು ಅವರ ಮಾತನ್ನು ಕೇಳುವುದಿಲ್ಲ. ನೀರು ಕುಡಿಯಲು ಹೊರಟವರು ದಾರಿ ಬಳಸಿ ತೊಟ್ಟಿಯ ಬಳಿ ನಿಂತು, "ಒಣಗಿತೇನಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೆರಳಿಟ್ಟು, "ಇಲ್ಲ, ಇನ್ನೂ ಇಲ್ಲ" ಎಂದು ತಾವೇ ಉತ್ತರಿಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಮುಂದೆ ಹೋಗುವರು. ಪೇಪರು ಓದಿ ಎದ್ದಾಗ ಇನ್ನೊಮ್ಮೆ. ಮಲಗುವ ಮುನ್ನ ದೀಪ ಆರಿಸಲು ಬಂದಾಗ, ಕತ್ತಲಲ್ಲಿ ಕಾಣದೆಂದು, ಸ್ವಲ್ಪ ಒತ್ತಿಯೇ. ಬೆಳಿಗ್ಗೆ ನೋಡಿದರೆ ಮೂಲೆಯ ಬೆಸುಗೆಯುದ್ದಕ್ಕೂ ಗುಳಿಗಳು, ಒಂದು ಕಡೆಯಂತೂ ಗಾಜೇ ಕಾಣುವಷ್ಟು ಅಂಟು ಮೇಲೆದ್ದಿತ್ತು.

ಸೊಸೆಯಾದವಳು ಎಷ್ಟೆಂದು ಹೇಳಲಾದೀತು? ಯಜಮಾನರಲ್ಲಿ ದೂರಿಕೊಂಡರೆ, "ಅಪ್ಪ ಏನು ಮಾಡಿದರು ಈಗ, ಸುಮ್ಮನೆ ಮುಟ್ಟಿ ನೋಡಿದರಲ್ಲವೇ?" ಎಂಬ ಉತ್ತರ. ಎಲ್ಲವನ್ನೂ ಮತ್ತೆ ಕೆರೆದು, ಮತ್ತೆ ಒರೆಸಿ, ಮತ್ತೆ ಅಂಟು ಹಾಕಿ, ಈ ಸಲ "ದಯವಿಟ್ಟು ಮುಟ್ಟಬೇಡಿ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಗಾಜಿಗೆ ಅಂಟಿಸಿದೆ. ಮಾವನವರು ಕನ್ನಡಕ ಸರಿಮಾಡಿಕೊಂಡು ಅದನ್ನು ಪೂರ್ತಿ ಓದಿದರು. "ಒಳ್ಳೆಯದಾಯಿತು, ಇಲ್ಲದಿದ್ದರೆ ಮಕ್ಕಳು ಮುಟ್ಟಿಬಿಡುತ್ತಾರೆ" ಎಂದು ಮೆಚ್ಚಿದರು. ಅನಂತರ, ಆ ಚೀಟಿ ಇನ್ನೂ ಇರಬೇಕೋ ತೆಗೆಯಬಹುದೋ ಎಂಬುದನ್ನು ಖಚಿತಪಡಿಸಿಕೊಳ್ಳಲು ಬೆರಳಿಟ್ಟು ನೋಡಿದರು.

ಅವರ ಚಡಪಡಿಕೆ ನನಗೆ ಅರ್ಥವಾಗದೆ ಇರಲಿಲ್ಲ. ಬಕೆಟ್ಟಿನಲ್ಲಿರುವ ಮೀನನ್ನು ಮೇಲಿನಿಂದಷ್ಟೇ ನೋಡಬಹುದು. ಅಷ್ಟು ಕಾಲದಿಂದ ಪಕ್ಕದಿಂದ ನೋಡಿ ಪರಿಚಯವಾದ ಹೊಳಪು, ರೆಕ್ಕೆ, ಮುಖ ಯಾವುದೂ ಅಲ್ಲಿಲ್ಲ, ಕಪ್ಪಗಿನ ಸಣ್ಣ ಬೆನ್ನುಗಳಷ್ಟೇ ಅತ್ತಿತ್ತ ಸರಿಯುತ್ತವೆ. ಮಧ್ಯಾಹ್ನದ ಹೊತ್ತು ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಮಾವನವರು ಆ ದಿನಗಳಲ್ಲಿ ಬಕೆಟ್ಟಿನೊಳಕ್ಕೆ ಬಗ್ಗಿ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. ಫಿಲ್ಟರಿನ ಸದ್ದಿಲ್ಲದ ರಾತ್ರಿಗಳಲ್ಲಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲವೆಂಬುದನ್ನು ಅವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವರ ಬೆರಳಿಗೆ ಪರವಾನಗಿ ಕೊಟ್ಟಂತಾಗುತ್ತಿತ್ತು.

ಕೊನೆಗೆ ತೊಟ್ಟಿಯನ್ನು ಕೋಣೆಗೆ ಸೇರಿಸಿ ಬೀಗ ಹಾಕಿದ ಮೇಲೆಯೇ ಅಂಟು ಒಣಗಿತು. ಪರೀಕ್ಷೆಗೆ ಒಂದಿಷ್ಟು ನೀರು ಹಾಕಿದರೆ ಸಾಲದೇ ಎಂದು ಯಜಮಾನರು ಕೇಳಿದರು. ಸಾಲದು, ತಳದ ಬೆಸುಗೆಯ ಮೇಲಿನ ಒತ್ತಡ ನೀರಿನ ಎತ್ತರವನ್ನು ಅವಲಂಬಿಸಿರುವುದರಿಂದ ಅಂಚಿನವರೆಗೂ ತುಂಬಿಸಿ ಇಡೀ ದಿನ ಬಿಡಬೇಕು. ಕಾಗದದ ಪಟ್ಟಿಗಳು ಒಣಗಿದ್ದವು. ಕ್ಲೋರಿನ್ ತೆಗೆದ ನೀರು ತುಂಬಿ, ಸ್ಪಂಜನ್ನು ಫಿಲ್ಟರಿಗೆ ಮರಳಿಸಿ, ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸಿ ಮೀನುಗಳನ್ನು ಬಿಟ್ಟೆ.

ಆದರೆ ಬೀಗ ಬೀಳುವ ಮೊದಲೇ ಚೀಟಿಯ ಪಕ್ಕದಲ್ಲಿ ಬಿದ್ದ ಆ ಗುಳಿ, ಆಳವಿಲ್ಲದ್ದರಿಂದ ಸೋರದೆ, ಗೆರೆಗೆರೆಯೂ ಸ್ಪಷ್ಟವಾಗಿ ಹಾಗೆಯೇ ಉಳಿದುಬಿಟ್ಟಿದೆ. ಮನೆಗೆ ಬಂದವರು ತೊಟ್ಟಿಯನ್ನು ಮೆಚ್ಚಿದರೆ ಮಾವನವರು ಅವರನ್ನು ಹಿಂಬದಿಗೆ ಕರೆದೊಯ್ದು ಆ ಗುರುತನ್ನು ತೋರಿಸಿ, "ಹೊರಗಿನವರನ್ನು ಕರೆಸಲೇ ಇಲ್ಲ, ನಾನೂ ಸೊಸೆಯೂ ಸೇರಿ ಸರಿಮಾಡಿದೆವು" ಎನ್ನುತ್ತಾರೆ.