ಸದ್ದೇ ಮಾಡದ ಮಿನಾರಿನ ಮೇಲೆ ಯಾಕಿಷ್ಟು ಸಿಟ್ಟು?

ಸಂಜೆಯಿಂದ ತಲೆ ಕೆಟ್ಟಿದೆ. ಬರೆದೇ ಬಿಡುತ್ತೇನೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಾನು ದಿನಾ 11ನೇ ನಂಬರ್ ಟ್ರಾಮ್ ಹತ್ತುವುದು ಬಾಲ್‌ಗ್ರಿಸ್ಟ್ ಸ್ಟಾಪಿನಲ್ಲಿ. ರಸ್ತೆಯ ಒಂದು ಕಡೆ ಚರ್ಚು. ಎದುರಿಗೇ ಮಹಮೂದ್ ಮಸೀದಿ. ಅಹ್ಮದೀಯ ಪಂಗಡದ ಮುಸ್ಲಿಮರು 1963ರಲ್ಲಿ ಕಟ್ಟಿದ್ದು, ಈ ದೇಶದ ಮೊದಲ ಮಸೀದಿ. ತೆಳ್ಳಗಿನ ಬಿಳಿ ಮಿನಾರು.

ಇವತ್ತು ಚರ್ಚಿನ ಗಂಟೆ ಹೊಡೆಯುತ್ತಿತ್ತು. ಜೊತೆಗಿದ್ದವರು ನಮ್ಮ ಕಡೆಯವರೇ, ಕನ್ನಡಿಗರು. ಮಿನಾರಿನ ಕಡೆ ಕೈ ತೋರಿಸಿ, "ಸದ್ಯ, ಇಂಥವು ಇನ್ನು ಕಟ್ಟೋ ಹಾಗಿಲ್ಲ. ಇಲ್ಲದಿದ್ದರೆ ದಿನಕ್ಕೆ ಐದು ಸಲ ಕೂಗು ಕೇಳಬೇಕಿತ್ತು" ಅಂದರು. ಗಂಟೆಯ ಸದ್ದಿಗೆ ಆ ಮಾತನ್ನು ಅವರು ಎರಡು ಸಲ ಹೇಳಬೇಕಾಯಿತು.

ಯಾವ ಕೂಗು? ಆ ಮಿನಾರಿನಿಂದ ರಸ್ತೆಗೆ ಆಜಾನ್ ಕೇಳಿದ್ದೇ ಇಲ್ಲ. ಹೊಸ ಮಿನಾರು ನಿಷೇಧಿಸಬೇಕೇ ಅಂತ 2009ರ ನವೆಂಬರ್ 29ರಂದು ಜನ ಮತ ಹಾಕಿದಾಗ ಇಡೀ ದೇಶದಲ್ಲಿ ಇದ್ದದ್ದು ನಾಲ್ಕೇ ಮಿನಾರು. ನಾಲ್ಕೂ ಮೌನ. ಆದರೂ ನೂರಕ್ಕೆ 57.5 ಮತ ನಿಷೇಧದ ಪರ ಬಿತ್ತು. 'ಮಿನಾರು ಕಟ್ಟುವುದು ನಿಷಿದ್ಧ' ಅಂತ ಸಂವಿಧಾನದಲ್ಲೇ ಬರೆದರು. ಒಂದು ಧರ್ಮದ ಗೋಪುರ ಬೇಡ ಅನ್ನುವುದಕ್ಕೆ ಸಂವಿಧಾನ!

ಇನ್ನೊಂದು ನೋಡಿ. 1978ರಿಂದ ಮಸೀದಿಯ ಮಿನಾರು ನೋಡುತ್ತಿದ್ದ ಜಿನೀವಾ ನಿಷೇಧ ಬೇಡ ಅಂದಿತು. ಮುಸ್ಲಿಮರು ಜಾಸ್ತಿ ಇರುವ ಬಾಸೆಲ್ ನಗರವೂ ಬೇಡ ಅಂದಿತು. ಒಂದೂ ಮಿನಾರಿಲ್ಲದ ಪುಟ್ಟ ಪ್ರಾಂತ್ಯ ಅಪೆನ್‌ಜೆಲ್ ಇನ್ನರ್‌ರೋಡನ್‌ನಲ್ಲಿ ಮಾತ್ರ ನೂರಕ್ಕೆ 71ಕ್ಕೂ ಹೆಚ್ಚು ಮಂದಿ ನಿಷೇಧ ಬೇಕು ಅಂದರು. ಕಾಣದವರಿಗೇ ಹೆದರಿಕೆ.

"ಸೌದಿಯಲ್ಲಿ ಚರ್ಚು ಕಟ್ಟೋಕೆ ಬಿಡ್ತಾರಾ?" ಅಂತ ಕೇಳುತ್ತಾರೆ. ಬಿಡಲ್ಲ, ಅದು ತಪ್ಪೇ. ಆದರೆ ಇಲ್ಲಿನ ಮುಸ್ಲಿಮರಲ್ಲಿ ಬಹುಪಾಲು ಬೋಸ್ನಿಯಾದಂಥ ಬಾಲ್ಕನ್ ದೇಶಗಳು ಮತ್ತು ಟರ್ಕಿ ಮೂಲದವರು. ನಮ್ಮ ಬಿಲ್ಡಿಂಗಿನ ಲಾಂಡ್ರಿ ರೂಮಿನಲ್ಲಿ ಸಿಗುವ ಬೋಸ್ನಿಯಾದ ಅಜ್ಜಿ, ನಾನು ಮಿಷನ್ನಿನಲ್ಲೇ ಮರೆತ ಮಗನ ಸಾಕ್ಸುಗಳನ್ನು ಜೋಡಿ ಜೋಡಿ ಮಾಡಿ ಇಟ್ಟಿರುತ್ತಾರೆ. ಸೌದಿಯ ಲೆಕ್ಕ ಆ ಅಜ್ಜಿ ಯಾಕೆ ಕೊಡಬೇಕು?

ನನಗೆ ಚರ್ಚಿನ ಗಂಟೆ ಇಷ್ಟ. ಭಾನುವಾರ ಬೆಳಿಗ್ಗೆ ಕಿಟಕಿ ತೆಗೆದು ಕೇಳುತ್ತೇನೆ. ನನ್ನ ಸಿಟ್ಟು ಗಂಟೆಯ ಮೇಲಲ್ಲ. ಗಂಟೆ ಹೊಡೆಯುವ ಊರಲ್ಲೇ ಸುಮ್ಮನೆ ನಿಂತ ಮಿನಾರನ್ನು ಗದ್ದಲ ಅಂದರಲ್ಲ, ಅದರ ಮೇಲೆ.

ಇಷ್ಟು ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ದಾವಣಗೆರೆಯಲ್ಲಿದ್ದಾಗ ನಮ್ಮ ಓನರ್ ಮೇಲಿನ ಮನೆಯನ್ನು ನನ್ನ ಗೆಳತಿಗೆ ಕೊಡುತ್ತೇನೆ ಅಂದಿದ್ದರು. ಹೆಸರು ಕೇಳಿದ ಮೇಲೆ, "ಮನೆ ಖಾಲಿ ಇಲ್ಲಮ್ಮ" ಅಂದುಬಿಟ್ಟರು. ನಾನು ಅಲ್ಲೇ ನಿಂತಿದ್ದೆ. ಬೀಗದ ಕೈ ಅವರ ಕೈಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಅವಳು ನನ್ನ ಮುಖ ನೋಡಿ, "ಇರಲಿ ಬಿಡೇ" ಅಂದು ಮೆಟ್ಟಿಲು ಇಳಿದಳು.

ಇವತ್ತು ಟ್ರಾಮ್ ಬಂದರೂ ಹತ್ತಲಿಲ್ಲ. ಗಂಟೆ ನಿಲ್ಲುವವರೆಗೆ ಕಾದೆ. ಆಮೇಲೆ, "ಈಗ ಕೇಳಿ ಸರ್, ಮಿನಾರಿನಿಂದ ಏನಾದರೂ ಕೇಳಿಸ್ತಿದೆಯಾ?" ಅಂದೆ. ಅವರು ಉತ್ತರ ಕೊಡಲಿಲ್ಲ. ಮುಂದಿನ ಟ್ರಾಮಿನಲ್ಲಿ ಬೇರೆ ಸೀಟಿನಲ್ಲಿ ಕೂತರು.