ಪಕ್ಕದಲ್ಲಿ ಕೂತು ನೋಡುವವರು

ಊರಿಗೆ ಹೋದಾಗ ಯಾರಾದರೂ ಕೆಲಸವೇನೆಂದು ಕೇಳಿದರೆ ಸೋಶಿಯಲ್ ವರ್ಕರ್ ಎನ್ನುತ್ತೇನೆ. ‘ಓ, ಸಮಾಜ ಸೇವೆ. ಬಹಳ ಒಳ್ಳೆಯದು. ಅದಿರಲಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದೆದುರು ಹುಟ್ಟುಹಬ್ಬದ ಶುಭಾಶಯ ಹೇಳುವ ಫ್ಲೆಕ್ಸುಗಳಲ್ಲಿ, ಕೊರಳಿಗೆ ಬಂಗಾರದ ಸರ ಹಾಕಿಕೊಂಡು ಕೈಮುಗಿದು ನಿಂತವರ ಹೆಸರಿನ ಕೆಳಗೆಲ್ಲ ‘ಸಮಾಜ ಸೇವಕರು’ ಎಂದೇ ಬರೆದಿರುತ್ತದೆ. ಎರಡು ವರ್ಷ ಓದಿ ಎಂ.ಎಸ್.ಡಬ್ಲ್ಯೂ. ಎಂಬ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದವನಿಗೂ ಅವರಿಗೂ ಇರುವ ವ್ಯತ್ಯಾಸವನ್ನು ತೋರಿಸುವ, ಈ ಕಸುಬಿನವರೆಲ್ಲರಿಗೂ ಅನ್ವಯಿಸುವ ಕಾನೂನು ನಮ್ಮಲ್ಲಿಲ್ಲ. ನಾನೀಗ ಕೆಲಸ ಮಾಡುತ್ತಿರುವ ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಸೋಶಿಯಲ್ ವರ್ಕರ್ ಎಂಬ ಹೆಸರಿಗೆ ಕಾನೂನಿನ ಕಾವಲಿದೆ. 2019ರ ಡಿಸೆಂಬರಿನಿಂದ ನೋಂದಣಿ ನೋಡಿಕೊಳ್ಳುತ್ತಿರುವ ಸೋಶಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಇಲ್ಲದವರು ತಮ್ಮನ್ನು ಹಾಗೆ ಕರೆದುಕೊಳ್ಳುವಂತಿಲ್ಲ.

ಈ ಪಟ್ಟಿ, ಪರವಾನಗಿಗಳನ್ನು ಹೊಗಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಎರಡೂ ಕಡೆ ಈ ಕಸುಬನ್ನು ಕಲಿತವನಾಗಿ ನನಗೆ ಕಂಡ ಒಂದು ವ್ಯತ್ಯಾಸ ಬೇರೆಯೇ ಇದೆ. ಇಂಗ್ಲೆಂಡಿನ ವಿದ್ಯಾರ್ಥಿ 200 ದಿನಗಳ ಪ್ರಾಯೋಗಿಕ ಕಲಿಕೆಯನ್ನು ಮುಗಿಸಬೇಕು, ಅದರಲ್ಲಿ ಹೆಚ್ಚೆಂದರೆ 30 ದಿನ ಮಾತ್ರ ತರಗತಿಯೊಳಗಿನ ಕೌಶಲ ಅಭ್ಯಾಸಕ್ಕೆ ಹೋಗಬಹುದು. ನಮ್ಮಲ್ಲೂ ವಾರಕ್ಕೆರಡು ದಿನ ಕ್ಷೇತ್ರಕಾರ್ಯ, ವರ್ಷಕ್ಕೊಂದು ಗ್ರಾಮೀಣ ಶಿಬಿರ, ಕೊನೆಯಲ್ಲಿ ಒಂದೇ ಕಡೆ ಇದ್ದು ಕೆಲಸ ಕಲಿಯುವ ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್ ಎಂದೆಲ್ಲ ಇದ್ದು, ದಿನಗಳ ಲೆಕ್ಕದಲ್ಲಿ ನಾವೇನೂ ಬಹಳ ಹಿಂದೆ ಬಿದ್ದಿಲ್ಲ. ಆ ದಿನಗಳಲ್ಲಿ ಕಲಿಯುವವನು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವವರು ಯಾರಾದರೂ ಇದ್ದಾರೆಯೇ ಎಂಬಲ್ಲಿ ವ್ಯತ್ಯಾಸವಿದೆ.

2009ರಲ್ಲಿ ನನ್ನ ಬ್ಲಾಕ್ ಪ್ಲೇಸ್‌ಮೆಂಟ್ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಡೆಯಿತು. ಅಲ್ಲಿನ ಅಜ್ಜಿಯೊಬ್ಬರಿಗೆ ತಿಂಗಳಿಗೆ 400 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳಿಂದ ನಿಂತುಹೋಗಿತ್ತು. ನಾನು ‘ಮಾನ್ಯರೆ’ ಎಂದು ಆರಂಭಿಸಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವ ಅಚ್ಚುಕಟ್ಟಾದ ಅರ್ಜಿ ಬರೆದು, ಅಜ್ಜಿಯನ್ನು ನಾಡಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದೆ. ಇಸ್ತ್ರಿ ಮಾಡಿದ ಪ್ಯಾಂಟು, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಕುರ್ಚಿ ಸಿಕ್ಕಿತು, ಹತ್ತೇ ನಿಮಿಷದಲ್ಲಿ ಅರ್ಜಿಯ ಮೇಲೆ ಮುದ್ರೆಯೂ ಬಿತ್ತು. ಆ ಸಂಜೆ ಡೈರಿಯಲ್ಲಿ ಅಡ್ವೊಕೆಸಿ, ಅಂದರೆ ಇನ್ನೊಬ್ಬರ ಪರ ನಿಂತು ಮಾತಾಡುವುದು, ಎಂಬ ತಲೆಬರಹ ಹಾಕಿ ಒಂದೂವರೆ ಪುಟ ಬರೆದುಕೊಂಡೆ.

ಮರುವಾರ ಅಂಥದೇ ತೊಂದರೆಯಿದ್ದ ಇನ್ನೊಬ್ಬ ಮುದುಕಿಯೊಂದಿಗೆ ಆ ಊರಿನ ಮಹಿಳಾ ಸಂಘದ ಹೆಂಗಸೊಬ್ಬರು ಹೊರಟರು. ನಾನೂ ಅರ್ಜಿ ಹಿಡಿದು ಹಿಂದೆ ಹೋದೆ. ಬಾಗಿಲ ಬಳಿ ಅವರು ನನ್ನನ್ನು ತಡೆದು, ‘ತಮ್ಮಾ, ನೀ ಸುಮ್ನ ಕುಂದ್ರು. ಆಕಿ ಮಾತಾಡ್ತಾಳ’ ಎಂದರು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೇಜಿನ ಮುಂದೆ ನಿಂತರು. ಗುಮಾಸ್ತರು ತಲೆಯೆತ್ತದೆ ‘ಆಮ್ಯಾಗ ಬಾ’ ಎಂದರು. ಸಂಘದ ಹೆಂಗಸು ತುಟಿ ಬಿಚ್ಚಲಿಲ್ಲ, ಮುದುಕಿಯ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಗೋಡೆಗೊರಗಿ ನಿಂತೇ ಇದ್ದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಮುದುಕಿ ಸೆರಗು ಬಿಟ್ಟು, ‘ನನ್ ರೊಕ್ಕ ಯಾಕ ಬಂದಿಲ್ರೀ ಸಾಹೇಬ್ರ? ಬರ್ದಿದ್ದು ತೋರಸ್ರಿ’ ಎಂದರು. ರಿಜಿಸ್ಟರ್ ತೆರೆಯಿತು. ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದ ಕೆಲಸಕ್ಕೆ ಅಂದು ಎರಡು ಗಂಟೆಗೂ ಹೆಚ್ಚು ಹಿಡಿಯಿತು.

ಅದರ ಬಗ್ಗೆ ನಾನು ಬರೆದದ್ದು ನಾಲ್ಕೇ ಸಾಲು, ಏಕೆಂದರೆ ಅಲ್ಲಿ ನಾನು ಏನನ್ನೂ ‘ಮಾಡಿರಲಿಲ್ಲ’. ಕಾಲೇಜಿಗೆ ಮರಳಿದಾಗ ಮಾರ್ಗದರ್ಶಕರು ಒಂದೂವರೆ ಪುಟದ ಕೆಳಗೂ ನಾಲ್ಕು ಸಾಲಿನ ಕೆಳಗೂ ಹಸಿರು ಶಾಯಿಯಲ್ಲಿ ‘ಸೀನ್’ (ನೋಡಿದೆ) ಎಂದು ಬರೆದು ಸಹಿ ಹಾಕಿದರು. ಐ.ಸಿ. ಎಂದು ನಾವು ಕರೆಯುತ್ತಿದ್ದ ವೈಯಕ್ತಿಕ ಸಮಾಲೋಚನೆ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಇತ್ತು. ನಡೆಯುತ್ತಿದ್ದುದು ಡೈರಿಗಳ ರಾಶಿ ಎತ್ತರವಾದಾಗ. ಅವರನ್ನು ದೂರಿ ಫಲವಿಲ್ಲ. ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು, ನಾಲ್ಕು ಪತ್ರಿಕೆಗಳ ಪಾಠ, ಅತಿಥಿ ಉಪನ್ಯಾಸಕರ ಸಂಬಳ ತಿಂಗಳುಗಟ್ಟಲೆ ಬಾಕಿ.

2016ರ ಚಳಿಗಾಲಕ್ಕೆ ಬರುತ್ತೇನೆ. ಇಂಗ್ಲೆಂಡಿನ ಒಂದು ಊರು, ಪಾರ್ಶ್ವವಾಯು ಹೊಡೆದು ಮಾತು ತೊದಲುತ್ತಿದ್ದ ಹಿರಿಯರೊಬ್ಬರ ಮನೆ. ಅವರನ್ನು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಬೇಕೇ ಎಂಬುದು ಅಂದಿನ ಪ್ರಶ್ನೆ. ಹೊಸಬನಾದ ನನ್ನ ಕೆಲಸವನ್ನು ನೇರವಾಗಿ ಗಮನಿಸಲು ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಕಿಟಕಿಯ ಪಕ್ಕ ಪುಟ್ಟ ಪುಸ್ತಕ ಹಿಡಿದು ಕೂತಿದ್ದರು. ಚಹಾ ಬಂತು, ಮಗಳು ಎಲ್ಲವನ್ನೂ ವಿವರವಾಗಿ ಹೇಳಿದರು, ನಾನು ನಮ್ಮೂರಿನ ವಿನಯದಲ್ಲಿ ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡೆ. ಭೇಟಿ ಚೆನ್ನಾಗಿಯೇ ಆಯಿತೆಂದು ಕಾರಿಗೆ ಬಂದರೆ, ಆ ಸಹೋದ್ಯೋಗಿ ಪುಸ್ತಕ ತೆರೆದು ತೋರಿಸಿದರು. ಎರಡು ಸಾಲು ಗೀಟುಗಳು. ಮಗಳಿಗೆ ನಾನು ಕೇಳಿದ ಪ್ರಶ್ನೆ ಹದಿನೇಳು, ತಂದೆಗೆ ಮೂರು. ಆ ಮೂರರಲ್ಲಿ ಎರಡಕ್ಕೆ ಅವರು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಕೊಟ್ಟಿದ್ದೆ. ‘ಅವರ ಚಹಾ ಹಾಗೆಯೇ ಆರಿಹೋಯಿತು, ಲೋಟವನ್ನು ಅವರ ಸ್ವಾಧೀನ ತಪ್ಪಿದ ಕೈಯ ಕಡೆ ಇಟ್ಟಿದ್ದರು’ ಎಂದೂ ಹೇಳಿದರು. ಅದನ್ನೂ ನಾನು ನೋಡಿರಲಿಲ್ಲ.

ಎರಡನೆಯ ಭೇಟಿಗೆ, ಆ ತಂದೆಯ ನಾಲಿಗೆ ಸ್ವಲ್ಪ ಸಡಿಲವಾಗಿರುವ ಬೆಳಗಿನ ಹೊತ್ತನ್ನು ಆರಿಸಿಕೊಂಡು, ಚಿತ್ರಗಳ ಕಾರ್ಡು ಹಿಡಿದು ಹೋದೆ. ಪ್ರಶ್ನೆ ಕೇಳಿ ಸುಮ್ಮನಿರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಹಾಸಿಗೆ ಮಹಡಿಯ ಕೋಣೆಯಲ್ಲೇ ಇರಬೇಕು, ಮೆಟ್ಟಿಲಿಗೆ ಇನ್ನೊಂದು ಹಿಡಿಕೆ ಬೇಕು, ಎಲ್ಲಿಗೂ ಹೋಗುವುದಿಲ್ಲ – ಇಷ್ಟನ್ನು ಹೇಳಲು ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಮಗಳ ಹದಿನೇಳು ಉತ್ತರಗಳಲ್ಲಿ ಇವು ಯಾವುವೂ ಇರಲಿಲ್ಲ. ಹಿಂದಿರುಗುವಾಗ ನನಗೆ ನೆನಪಾದದ್ದು ನಾಡಕಚೇರಿಯ ಗೋಡೆಗೊರಗಿ ನಿಂತ ಆ ಹೆಂಗಸು. ಆಕೆ ಏಳು ವರ್ಷದ ಹಿಂದೆಯೇ ನನ್ನ ಕಣ್ಣೆದುರು ಕಲಿಸಿದ ಪಾಠವನ್ನು ನಾನು ಪಾಠವೆಂದು ಗುರುತಿಸುವುದಕ್ಕೆ ಸಮುದ್ರ ದಾಟಿ ಬಂದು, ನನ್ನ ಪ್ರಶ್ನೆಗಳನ್ನು ಗೀಟೆಳೆದು ಎಣಿಸುವವರೊಬ್ಬರ ಪಕ್ಕದಲ್ಲಿ ಕೂರಬೇಕಾಯಿತು.

ಇಲ್ಲಿ ಈ ಕೂರುವಿಕೆ ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಟ್ಟದ್ದಲ್ಲ. ಪದವಿ ಮುಗಿಸಿ ಕೆಲಸಕ್ಕೆ ಸೇರಿದವರಿಗೆಂದೇ ರೂಪಿಸಿದ ಮೊದಲ ವರ್ಷದ ಕಾರ್ಯಕ್ರಮದಲ್ಲಿ ಕೇಸುಗಳ ಹೊರೆ ಕಡಿಮೆ. ಮೊದಲ ಆರು ವಾರ ವಾರಕ್ಕೊಮ್ಮೆ, ಆರು ತಿಂಗಳು ತುಂಬುವವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮೇಲ್ವಿಚಾರಕರೊಂದಿಗೆ ಕೂತು ಮಾಡಿದ ಕೆಲಸವನ್ನು ಬಿಡಿಸಿ ನೋಡಬೇಕು. ನೋಂದಣಿ ಉಳಿಸಿಕೊಳ್ಳಲು ಪ್ರತಿವರ್ಷ ಕಲಿತದ್ದರ ಕುರಿತು ಬರೆದು ಸಲ್ಲಿಸಬೇಕು. ಇವರು ರಿಫ್ಲೆಕ್ಷನ್ ಎಂದು ಮಂತ್ರದಂತೆ ಜಪಿಸುವ ಈ ಅಭ್ಯಾಸಕ್ಕೆ ಸಿಂಹಾವಲೋಕನ ಎಂಬ ಮಾತು ನಮ್ಮಲ್ಲಿ ಎಷ್ಟೋ ಹಿಂದಿನಿಂದ ಇದೆ. ವಾರ್ಷಿಕ ವರದಿಯ ಮುನ್ನುಡಿಗೆ ಮಾತ್ರ ಬಳಸಿ ಬಳಸಿ ಅದನ್ನು ಸವೆಸಿದ್ದೇವೆ.

ಹಾಗೆಂದು ಇಲ್ಲಿನದೆಲ್ಲ ಚಿನ್ನವಲ್ಲ. ಅಡ್ವೊಕೆಸಿಯನ್ನೇ ತೆಗೆದುಕೊಳ್ಳಿ. ತನ್ನ ಆರೈಕೆಯ ತೀರ್ಮಾನದಲ್ಲಿ ಪಾಲ್ಗೊಳ್ಳಲು ತೀರಾ ಕಷ್ಟಪಡುವವರಿಗೆ, ಜೊತೆ ನಿಲ್ಲಲು ತಕ್ಕ ಸ್ವಂತದವರು ಇಲ್ಲದಿದ್ದರೆ, ಸ್ವತಂತ್ರ ಅಡ್ವೊಕೇಟ್ (ವಕೀಲರಲ್ಲ, ಅವರ ಪರ ಮಾತಾಡುವವರು) ಒಬ್ಬರನ್ನು ಸ್ಥಳೀಯ ಆಡಳಿತವೇ ಒದಗಿಸಬೇಕೆಂದು 2014ರ ಕೇರ್ ಆ್ಯಕ್ಟಿನ 67ನೆಯ ಕಲಮು ಹೇಳುತ್ತದೆ. 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಇನ್ನೂ ಮುಂದೆ ಹೋಗಿ, ಒಬ್ಬರ ತೀರ್ಮಾನ ನಮಗೆ ಅವಿವೇಕವೆಂದು ತೋರಿದ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲವೆನ್ನಬಾರದು ಎನ್ನುತ್ತದೆ. ಹಿರಿಯರ ಕಣ್ಣಿನ ಆಪರೇಷನ್ನಿನಿಂದ ಹೊಲದ ಮಾರಾಟದವರೆಗೆ ಎಲ್ಲವನ್ನೂ ಪಡಸಾಲೆಯಲ್ಲಿ ಕೂತು ಮಕ್ಕಳೇ ಇತ್ಯರ್ಥ ಮಾಡುವ ಮನೆಯಿಂದ ಬಂದ ನನಗೆ ಈ ವಾಕ್ಯ ಮೊದಲ ಸಲ ಓದಿದಾಗ ಕೆನ್ನೆಗೆ ಹೊಡೆದಂತಾಗಿತ್ತು. ಆದರೆ ಅಡ್ವೊಕೇಟ್ ಎಂಬ ಬೇರೆಯೇ ವ್ಯಕ್ತಿ ಏಕೆ ಬೇಕಾಯಿತು ಎಂಬುದನ್ನೂ ಯೋಚಿಸಬೇಕು. ಅಗತ್ಯವನ್ನು ಅಳೆಯುವವರು ನಾವೇ, ಹಣ ಕೊಡುವುದು ನಮ್ಮದೇ ಕೌನ್ಸಿಲ್ಲು. ಹೀಗಿರುವಾಗ ನಾವು ಅವರ ಪರ ಪೂರ್ತಿ ಮಾತಾಡಲಾರೆವೆಂದು ಕಾನೂನೇ ಒಪ್ಪಿಕೊಂಡಂತೆ. ವಕಾಲತ್ತು ಒಂದು ರೆಫರಲ್ ಅರ್ಜಿಯಾಗಿದೆ. ಅದನ್ನು ಕಳಿಸಿದ ಮೇಲೆ ತನ್ನ ಕರ್ತವ್ಯ ಮುಗಿಯಿತೆಂದು ನಂಬುವ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ, ಸುಸ್ತಾದ ದಿನಗಳಲ್ಲಿ ನಾನೂ ಹಾಗೆ ನಂಬಿದ್ದುಂಟು.

ಮುಂದಾಳುತನದ ಮಾತು ಬಂದರೆ ಇನ್ನೂ ಬಡತನ. ಬ್ರಿಟಿಷ್ ಸೋಶಿಯಲ್ ವರ್ಕರ್‌ಗಳ ಸಂಘ ನೋಡಿಕೊಳ್ಳುವ ಸಾಮರ್ಥ್ಯಗಳ ಚೌಕಟ್ಟಿನಲ್ಲಿ ಒಂಬತ್ತು ವಿಭಾಗಗಳಿದ್ದು, ವೃತ್ತಿಪರ ಮುಂದಾಳುತನ ಅವುಗಳಲ್ಲಿ ಕೊನೆಯದು. ನಾನು ಕಂಡ ತರಬೇತಿಗಳಲ್ಲಿ ಅದರ ಅರ್ಥ ತಂಡದ ಸಭೆ ನಡೆಸುವುದು, ಹೊಸಬರಿಗೆ ದಾರಿ ತೋರಿಸುವುದು, ಮೇಲಧಿಕಾರಿಗೆ ಅಪಾಯವನ್ನು ಮುಚ್ಚಿಡದೆ ತಿಳಿಸುವುದು. ಬೇಕಾದವೇ, ಆದರೆ ಎಲ್ಲವೂ ಕಚೇರಿಯ ನಾಲ್ಕು ಗೋಡೆಯೊಳಗಿನವು. 1884ರಲ್ಲಿ ಲಂಡನ್ನಿನ ಬಡವರ ಬೀದಿಗಳ ನಡುವೆ ಟಾಯ್ನ್‌ಬಿ ಹಾಲ್ ಕಟ್ಟಿ, ಓದಿದ ತರುಣರನ್ನು ಅಲ್ಲಿಯೇ ವಾಸಕ್ಕೆ ಕಳಿಸಿದ ದೇಶವಿದು. ಮುಂದೆ ಪ್ರಧಾನಿಯಾದ ಆಟ್ಲಿಯವರೂ ಅಲ್ಲಿ ಕೆಲಸ ಮಾಡಿದವರು. ಇಂದಿನ ವಿದ್ಯಾರ್ಥಿಗೆ ಒಂದು ಬೀದಿಯ ಜನರನ್ನೆಲ್ಲ ಕೂಡಿಸಿ ಮಾತಾಡಿಸುವ ಅವಕಾಶ ಇಡೀ ಪದವಿಯಲ್ಲಿ ಒಮ್ಮೆಯಾದರೂ ಸಿಕ್ಕೀತೇ ಎಂದರೆ ನನಗೆ ಅನುಮಾನ.

ಆ ವಿದ್ಯೆ ನಮ್ಮಲ್ಲಿದೆ. 1989ರಲ್ಲಿ ಮಹಿಳಾ ಸಮಖ್ಯಾ ಎಂಬ, ಹಳ್ಳಿಯ ಹೆಂಗಸರನ್ನು ಸಂಘಟಿಸುವ ಸರ್ಕಾರಿ ಕಾರ್ಯಕ್ರಮ ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ ಓಡಾಡುತ್ತ, ಯಾವ ಸವಲತ್ತನ್ನೂ ಹಂಚದೆ, ಹೆಂಗಸರು ತಾವೇ ಕೂತು ತಮ್ಮ ತೊಂದರೆಗಳಿಗೆ ಹೆಸರಿಡುವವರೆಗೆ ಕಾಯುತ್ತಿದ್ದಳು. ಏನೂ ಕೊಡದೆ ಸುಮ್ಮನೆ ಬಂದು ಹೋಗುವವಳನ್ನು ಊರು ಮೊದಮೊದಲು ನಂಬದಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಉದಾಹರಣೆ ಬಿಳಿಗಿರಿರಂಗನ ಬೆಟ್ಟದ್ದು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ್ದು ಪ್ರಸಿದ್ಧವೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2011, ಅಂದರೆ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಅಲ್ಲಿನ ಸೋಲಿಗ ಬುಡಕಟ್ಟಿನವರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದೂ ಅದೇ ವರ್ಷ, ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲೇ ಮೊದಲು. ಸೋಲಿಗರ ಹಿರಿಯರು ಕಾಡಿನಲ್ಲಿ ನಡೆದು ಯೆಲ್ಲೆ ಎಂದು ಕರೆಯುವ ತಮ್ಮ ಒಂದೊಂದು ಕುಲದ ಕಾಡಿನ ಪಾಲನ್ನೂ ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನೂ ತೋರಿಸಿದರು. ಸಂಶೋಧಕರು ಅವನ್ನು ನಕ್ಷೆಗೆ ಇಳಿಸಿದರು. ಕಲಿತವರು ಬರೆದುಕೊಳ್ಳುತ್ತ ಹಿಂದೆ ನಡೆದರು, ದಾರಿ ಗೊತ್ತಿದ್ದವರು ಮುಂದೆ. ಮುಂದಾಳುತನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲಿನ ಯಾವ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ. ನಮ್ಮ ಎಂ.ಎಸ್.ಡಬ್ಲ್ಯೂ. ತರಗತಿಯಲ್ಲಿ ಸಮುದಾಯ ಸಂಘಟನೆಯ ಪತ್ರಿಕೆಗೆ ನಾವು ಬಾಯಿಪಾಠ ಮಾಡಿದ್ದು ಅಮೆರಿಕದ ಮಾದರಿಗಳನ್ನು.

1936ರಲ್ಲಿ ಮುಂಬಯಿಯಲ್ಲಿ ಟಾಟಾ ಸಂಸ್ಥೆ ಈ ಶಿಕ್ಷಣವನ್ನು ಆರಂಭಿಸಿದಾಗ ಅದರ ಮೊದಲ ನಿರ್ದೇಶಕರು ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಹಾಗಾಗಿ ಪಠ್ಯ ಅಲ್ಲಿಂದ ಬಂದದ್ದರಲ್ಲಿ ವಿಶೇಷವಿಲ್ಲ. ಅಲ್ಲಿನ ಪುಸ್ತಕ ತಂದುಕೊಂಡ ನಾವು ಅದರೊಂದಿಗೆ ಬರಬೇಕಿದ್ದ ಮೇಲ್ವಿಚಾರಣೆಯ ಅಭ್ಯಾಸವನ್ನು ಹಡಗಿನಲ್ಲೇ ಬಿಟ್ಟುಬಂದೆವು ಎಂಬುದು ನನ್ನ ತಕರಾರು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಯೊಳಗೆ ತಂದಿದೆ. ಉಳಿದವರಿಗೂ ಒಂದು ಪರಿಷತ್ತು ಬೇಕೆಂದು ಗೆಳೆಯರು ವಾದಿಸುತ್ತಾರೆ. ಬರಲಿ. ಆದರೆ ನಾಡಕಚೇರಿಯ ಆ ಹೆಂಗಸಿಗೆ ಯಾವ ಪದವಿಯೂ ಇಲ್ಲವೆಂಬುದನ್ನು, ನಾಳೆಯ ಪರಿಷತ್ತು ಬಾಗಿಲು ಹಾಕಿದರೆ ಹೊರಗುಳಿಯುವವರು ಫ್ಲೆಕ್ಸಿನವರಲ್ಲ, ಅಂಥವರೇ ಎಂಬುದನ್ನು ನೆನಪಿಟ್ಟುಕೊಂಡು ನಿಯಮ ಬರೆಯಲಿ.

ಕಳೆದ ಬಾರಿ ರಜೆಗೆ ಹೋದಾಗ ನಾನು ಓದಿದ ವಿಭಾಗಕ್ಕೆ ಹೋಗಿದ್ದೆ. ವಿದ್ಯಾರ್ಥಿಗಳೊಂದಿಗೆ ಮಾತಾಡಿದ ಮೇಲೆ ಅಧ್ಯಾಪಕರ ಕೋಣೆಯಲ್ಲಿ ಒಂದು ಸಣ್ಣ ಸಲಹೆ ಮುಂದಿಟ್ಟೆ. ಒಬ್ಬೊಬ್ಬ ವಿದ್ಯಾರ್ಥಿಯೊಂದಿಗೆ ಸೆಮಿಸ್ಟರಿಗೆ ಒಂದೇ ಸಲ ಅಧ್ಯಾಪಕರು ಕ್ಷೇತ್ರಕ್ಕೆ ಹೋಗಿ, ಮಾತಾಡದೆ ಕೂತು, ನೋಡಿದ್ದನ್ನು ಹಿಂತಿರುಗುವ ಬಸ್ಸಿನಲ್ಲೇ ಹೇಳಿದರೆ ಸಾಕು. ಸಾಧ್ಯವಾದರೆ ಊರಿನ ಸಂಘದ ಒಬ್ಬರನ್ನೂ ಕೇಳಿ, ಈ ಹುಡುಗ ಹೇಗೆ ನಡೆದುಕೊಂಡ ಎಂದು. ಯಾರೂ ಬೇಡವೆನ್ನಲಿಲ್ಲ. ವಿಭಾಗದ ಹಿರಿಯರು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು: ಇಪ್ಪತ್ನಾಲ್ಕು ವಿದ್ಯಾರ್ಥಿಗಳು, ಕಾಯಂ ಅಧ್ಯಾಪಕರು ಇಬ್ಬರು, ತಲಾ ಹನ್ನೆರಡು ದಿನ. ‘ಆಗದ್ದೇನಲ್ಲ ಇದು’ ಎಂದು ಪೆನ್ನು ಮುಚ್ಚಿಟ್ಟವರು, ಸ್ವಲ್ಪ ತಡೆದು, ‘ಬಸ್ ಚಾರ್ಜನ್ನು ಯಾವ ಹೆಡ್ಡಿನಲ್ಲಿ ತೋರಿಸೋಣ?’ ಎಂದು ಕೇಳಿದರು.