ಮುಖವೆಂಬ ನಾಮಫಲಕ

ಕಳೆದ ತಿಂಗಳು ಒಂದು ಜೊತೆ ಓಲೆ ಕೊಳ್ಳಲೆಂದು ಬೆಂಗಳೂರಿನ ಜಯನಗರದಲ್ಲಿರುವ ಚಿನ್ನದ ಅಂಗಡಿಯೊಂದಕ್ಕೆ ಹೊರಟವಳು, ಬಾಗಿಲು ತೆರೆಯುವುದಕ್ಕೆ ಕಾಲು ಗಂಟೆ ಮೊದಲೇ ಅಲ್ಲಿಗೆ ತಲುಪಿಬಿಟ್ಟಿದ್ದೆ. ನನ್ನ ನರೆಗೂದಲು ಕಂಡು ಕನಿಕರಪಟ್ಟ ಸೆಕ್ಯುರಿಟಿಯವರು ಅರ್ಧ ಎತ್ತಿದ ಷಟರಿನಡಿ ನನ್ನನ್ನು ಒಳಗೆ ಬಿಟ್ಟು ಒಂದು ಕುರ್ಚಿ ಕೊಟ್ಟರು. ಹಾಗಾಗಿ, ಗಿರಾಕಿಗಳ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ನಿತ್ಯವಿಧಿಯನ್ನು ನೋಡುವ ಭಾಗ್ಯ ನನಗೆ ಒದಗಿತು. ಒಂದೇ ಬಗೆಯ ಮೆರೂನ್ ಸೀರೆಯುಟ್ಟ ಹನ್ನೆರಡು ಮಂದಿ ಹೆಣ್ಣುಮಕ್ಕಳು ಶಾಲೆಯ ಪ್ರಾರ್ಥನೆಗೆ ನಿಂತವರಂತೆ ಸಾಲಾಗಿ ನಿಂತಿದ್ದರು. ಅವರೆದುರು ಫ್ಲೋರ್ ಮ್ಯಾನೇಜರ್ ಎಂಬ ಮಹನೀಯರು, ಮಾವಿನ ಮಂಡಿಯ ವ್ಯಾಪಾರಿ ಬುಟ್ಟಿಯೊಳಗಿನ ಹಣ್ಣುಗಳನ್ನು ಪರೀಕ್ಷಿಸುವ ಹಾಗೆ, ಒಂದೊಂದೇ ಮುಖವನ್ನು ದಿಟ್ಟಿಸುತ್ತ ಮುಂದೆ ಸಾಗುತ್ತಿದ್ದರು. ಈ ವಿಧಿಗೆ ಅಲ್ಲಿ ಗ್ರೂಮಿಂಗ್ ಚೆಕ್ ಎಂದು ಹೆಸರು.

“ಏನಮ್ಮಾ, ಲಿಪ್‌ಸ್ಟಿಕ್ ಎಲ್ಲಿ?” ಎಂದು ಅವರು ಮೂರನೆಯವಳನ್ನು ಕೇಳಿದರು.

“ಹಾಕಿದೀನಿ ಸಾರ್.”

“ಹಾಕಿದ ಹಾಗೆ ಕಾಣ್ತಾನೇ ಇಲ್ವಲ್ಲ!”

ಏಳನೆಯವಳ ಎದುರು ನಿಂತು, “ಇದೇನಿದು, ಕಂಪನಿ ನಾಟಕಕ್ಕೆ ಬಂದಿದೀಯಾ? ಸ್ವಲ್ಪ ನ್ಯಾಚುರಲ್ ಆಗಿರ್ಬೇಕು” ಎಂದರು. ಅಂದರೆ ಬಳಿದ ಬಣ್ಣದ ಫಲ ಕಾಣಬೇಕು, ಬಣ್ಣ ಕಾಣಬಾರದು. ಮೇಕಪ್ ಇಲ್ಲದೆ ಬರಕೂಡದು, ಮೇಕಪ್ ಮಾಡಿಕೊಂಡವಳಂತೆಯೂ ಬರಕೂಡದು. ಪರಬ್ರಹ್ಮನನ್ನು ವರ್ಣಿಸಲು ಹೊರಟ ಋಷಿಗಳು ‘ನೇತಿ ನೇತಿ’ ಎಂದು ಕೈಚೆಲ್ಲಿದ ಜಾಗದಿಂದ ನಮ್ಮ ಫ್ಲೋರ್ ಮ್ಯಾನೇಜರುಗಳು ಮುಂದುವರಿಸಿದ್ದಾರೆ ಎನ್ನಬೇಕು. ಇಷ್ಟು ಸೂಕ್ಷ್ಮ ತತ್ತ್ವವನ್ನು ಬೋಧಿಸುತ್ತಿದ್ದ ಆ ಮಹನೀಯರ ಎರಡು ದಿನದ ಗಡ್ಡ, ಕಿವಿಯಿಂದ ಹೊರಗಿಣುಕುತ್ತಿದ್ದ ಕೂದಲಿನ ಕುಚ್ಚು, ಅಂಗಿಯ ಜೇಬಿನ ಮೇಲಿದ್ದ ಕಾಫಿಯ ಕಲೆ ಇವೆಲ್ಲವೂ ಸಂಪೂರ್ಣವಾಗಿ ನ್ಯಾಚುರಲ್ ಆಗಿದ್ದವು. ಅವುಗಳ ತಪಾಸಣೆಗೆ ಸಂಸ್ಥೆ ಇನ್ನೂ ಯಾರನ್ನೂ ನೇಮಿಸಿದಂತಿರಲಿಲ್ಲ.

ನಾನು ಕರಾವಳಿಯವಳು. ಯಕ್ಷಗಾನದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಜಾಗವನ್ನು, ಚಿಕ್ಕಂದಿನಿಂದ ಇಣುಕಿ ನೋಡಿ ಬೆಳೆದ ನನಗೆ ಮುಖಕ್ಕೆ ಬಣ್ಣ ಹಚ್ಚುವ ಕಸುಬಿನ ಬಗ್ಗೆ ಅಪಾರ ಗೌರವವಿದೆ. ಬಣ್ಣದ ವೇಷದವರು ಕನ್ನಡಿಯ ಮುಂದೆ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಸೇರಿಸಿದ ಚಿಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಮುಖದ ಮೇಲೆ ಏರಿಸಿಕೊಂಡು ಹೋಗುವುದನ್ನು ಕಂಡವರು ಅದನ್ನು ಮರೆಯಲಾರರು. ಆದರೆ ಅಲ್ಲಿ ಬಣ್ಣ ಹಚ್ಚುವ ಹೊತ್ತೂ ಆಟದ ಹೊತ್ತೇ. ಹಚ್ಚಿದವರು ರಾವಣನೋ ಮಹಿಷಾಸುರನೋ ಆಗಿ ರಂಗಕ್ಕೆ ನುಗ್ಗುತ್ತಾರೆ, ಜನ ಬೆಚ್ಚುತ್ತಾರೆ, ಬೆಳಗಾದರೆ ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸಿ ಮಲಗುತ್ತಾರೆ. ಚಿನ್ನದಂಗಡಿಯ ಹುಡುಗಿಗಾದರೋ ಚೌಕಿ ಅವಳ ಬಾಡಿಗೆ ಮನೆಯ ಬಚ್ಚಲು, ಬಣ್ಣ ಅವಳ ಸ್ವಂತ ದುಡ್ಡಿನದು, ಇಷ್ಟೆಲ್ಲ ಬಳಿದುಕೊಂಡು ಅವಳು ಧರಿಸಬೇಕಾದ ಪಾತ್ರ ‘ಅಚ್ಚುಕಟ್ಟಾಗಿ ಬಂದಿರುವ ಅವಳೇ’.

ತಡೆಯಲಾರದೆ ಆ ಮಹನೀಯರನ್ನೇ ವಿಚಾರಿಸಿದೆ. ಅವರು ಸಹನೆಯಿಂದ, “ಕಸ್ಟಮರ್ ಮೊದಲು ನೋಡೋದೇ ಫೇಸ್ ಅಲ್ವಾ ಮೇಡಂ, ಸ್ಟಾಫ್ ಮುಖಾನೇ ನಮ್ಮ ಬೋರ್ಡು” ಎಂದು ತಿಳಿಹೇಳಿದರು. ನನಗೆ ಇದು ಬಹಳ ಹಿಡಿಸಿತು. ಮುಖವು ಬೋರ್ಡೇ ಆಗಿದ್ದರೆ, 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ಅದರ ಶೇ 60ರಷ್ಟು ಜಾಗದಲ್ಲಿ ಕನ್ನಡವೇ ರಾರಾಜಿಸಬೇಕಾಗುತ್ತದೆ. ಹಣೆ ಮತ್ತು ಎರಡೂ ಕೆನ್ನೆಗಳನ್ನು ಅಳೆದು ನೋಡಿದರೆ ಲೆಕ್ಕ ಸರಿಹೋಗಬಹುದು. ಇನ್ನೊಂದು ಮಾತನ್ನು ಅವರು ಗಮನಿಸಿದಂತಿಲ್ಲ. ಅಂಗಡಿಯ ನೆತ್ತಿಯ ಮೇಲಿರುವ ಬೋರ್ಡಿಗೆ ಬಣ್ಣ ಬಳಿದವನಿಗೆ ಅಂಗಡಿಯವರೇ ಕೂಲಿ ಕೊಡುತ್ತಾರೆ, ಅದರ ದೀಪದ ಕರೆಂಟ್ ಬಿಲ್ಲನ್ನೂ ಕಟ್ಟುತ್ತಾರೆ. ಬೋರ್ಡು ತಾನೇ ಬೆಳಿಗ್ಗೆ ಬೇಗನೆದ್ದು, ತನ್ನದೇ ಖರ್ಚಿನಲ್ಲಿ ಬಣ್ಣ ಹಚ್ಚಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದು ಗೋಡೆಗೆ ನೇತುಹಾಕಿಕೊಳ್ಳುವ ಏರ್ಪಾಡು ಮುಖಗಳಿಗೆ ಮಾತ್ರ ಅನ್ವಯಿಸುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ ಕನ್ನಡಿಯ ಮುಂದೆ ಅರ್ಧ ಗಂಟೆ, ತಿಂಗಳಿಗೆ 26 ದಿನದ ಕೆಲಸ ಎಂದು ಹಿಡಿದರೆ ವರ್ಷಕ್ಕೆ 156 ಗಂಟೆಯಾಗುತ್ತದೆ. ದಿನದ ಕೆಲಸ 9 ಗಂಟೆಯೆಂದುಕೊಂಡರೆ ಇದು 17 ದಿನಗಳನ್ನು ಮೀರುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು 20 ದಿನ ದುಡಿದವರಿಗೆ 1 ದಿನದ ಗಳಿಕೆ ರಜೆಯನ್ನು ಕೊಟ್ಟಿದೆ. ಅಂದರೆ ವರ್ಷವಿಡೀ ದುಡಿದರೆ ಸುಮಾರು 15 ದಿನ. ಸಂಬಳದ ರಜೆಯಾಗಿ ಸಿಗುವುದಕ್ಕಿಂತ ಹೆಚ್ಚಿನ ದಿನಗಳನ್ನು ಈ ಹೆಣ್ಣುಮಕ್ಕಳು ಸಂಬಳವಿಲ್ಲದ ಬಣ್ಣಗಾರಿಕೆಗೆ ಸಲ್ಲಿಸುತ್ತಿದ್ದಾರೆ, ಮತ್ತು ಇದರಲ್ಲಿ ಮಧ್ಯಾಹ್ನದ ‘ಟಚಪ್’ ಸೇರಿಲ್ಲ. ಸರಕಾರಿ ಕಚೇರಿಗಳಲ್ಲಿ ಸಮವಸ್ತ್ರ ಒಗೆಸಿಕೊಳ್ಳಲು ಭತ್ಯೆಯುಂಟು. ‘ಮುಖಭತ್ಯೆ’ ಎಂಬ ಸಾಲನ್ನು ಮಾತ್ರ ಯಾವ ಸಂಬಳದ ಚೀಟಿಯಲ್ಲೂ ನಾನು ಕಂಡಿಲ್ಲ.

ಈ ಸಮಯವೂ ಈ ದುಡ್ಡೂ ನಿಜವಾಗಿ ಖರ್ಚಾಗುತ್ತವೆಯೇ ಎಂಬ ಗಹನವಾದ ಪ್ರಶ್ನೆ ಅಮೆರಿಕದ ನ್ಯಾಯಾಲಯವೊಂದರಲ್ಲಿ ಚರ್ಚೆಗೆ ಬಂದಿತ್ತು. ನೆವಾಡ ರಾಜ್ಯದ ರೀನೋ ನಗರದ ಹ್ಯಾರಾಸ್ ಕ್ಯಾಸಿನೋದ ಬಾರಿನಲ್ಲಿ ಡಾರ್ಲೀನ್ ಜೆಸ್ಪರ್ಸನ್ ಎಂಬಾಕೆ ಸುಮಾರು 20 ವರ್ಷ ಪಾನೀಯ ಬಡಿಸಿ ಮೇಲಧಿಕಾರಿಗಳಿಂದಲೂ ಗಿರಾಕಿಗಳಿಂದಲೂ ಮೆಚ್ಚುಗೆ ಪಡೆದಿದ್ದರು. 2000ನೇ ಇಸವಿಯಲ್ಲಿ ಸಂಸ್ಥೆಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಹೆಂಗಸರು ಪೌಡರು, ಕೆನ್ನೆಗೆಂಪು, ರೆಪ್ಪೆಗೆ ಮಸ್ಕಾರ, ತುಟಿಗೆ ಬಣ್ಣ ಇಷ್ಟನ್ನು ಕಡ್ಡಾಯವಾಗಿ ಹಚ್ಚಬೇಕೆಂದೂ ಗಂಡಸರು ಇದರಲ್ಲಿ ಯಾವುದನ್ನೂ ಹಚ್ಚಕೂಡದೆಂದೂ ನಿಯಮವಾಯಿತು. ಸಿಂಗರಿಸಿಕೊಂಡಾಗಿನ ಒಂದು ಫೋಟೋ ತೆಗೆದಿಟ್ಟು, ಕೆಲಸಕ್ಕೆ ಬಂದ ಮುಖವನ್ನು ಮೇಲ್ವಿಚಾರಕರು ಅದರೊಂದಿಗೆ ತಾಳೆ ನೋಡುವ ವ್ಯವಸ್ಥೆಯೂ ಇತ್ತು. ಜೆಸ್ಪರ್ಸನ್ ಒಪ್ಪಲಿಲ್ಲ, ಕೆಲಸ ಕಳೆದುಕೊಂಡರು, ದಾವೆ ಹೂಡಿದರು. 2006ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ 11 ನ್ಯಾಯಾಧೀಶರಲ್ಲಿ 7 ಮಂದಿ ಅವರ ವಿರುದ್ಧ ತೀರ್ಪಿತ್ತರು. ಮೇಕಪ್ಪಿಗೆ ಗಂಡಸರ ಕ್ಷೌರಕ್ಕಿಂತ ಹೆಚ್ಚು ಹಣ ಮತ್ತು ಹೊತ್ತು ಬೇಕೆಂಬುದಕ್ಕೆ ಕಡತದಲ್ಲಿ ಪುರಾವೆಯಿಲ್ಲ ಎಂಬುದು ಅವರ ಮುಖ್ಯ ಕಾರಣಗಳಲ್ಲೊಂದು.

ಒಂದು ಲಿಪ್‌ಸ್ಟಿಕ್ಕಿನ ರಸೀದಿಯನ್ನು ಕಡತಕ್ಕೆ ಪಿನ್ ಮಾಡಿದ್ದರೆ ಇತಿಹಾಸ ಬದಲಾಗುತ್ತಿತ್ತೋ ಏನೋ. ಭಿನ್ನಮತದ ತೀರ್ಪು ಬರೆದ ನ್ಯಾಯಾಧೀಶ ಅಲೆಕ್ಸ್ ಕೊಜಿನ್‌ಸ್ಕಿ, ಇಂಥ ವಸ್ತುಗಳು ಮರದಲ್ಲಿ ಬಿಡುವುದಿಲ್ಲವೆಂದು ತಿಳಿಯಲು ಪರಿಣತ ಸಾಕ್ಷಿ ಬೇಕಿಲ್ಲ ಎಂದರು. ಅಷ್ಟಕ್ಕೇ ಬಿಡದೆ, ಪೀಠದಲ್ಲಿ ಕೂರುವ ನ್ಯಾಯಾಧೀಶರೆಲ್ಲ ಪೌಡರು, ಮಸ್ಕಾರ, ಲಿಪ್‌ಸ್ಟಿಕ್ ಹಚ್ಚಿ ಬರಬೇಕೆಂದು ನಿಯಮ ಮಾಡಿದರೆ ಹೇಗಿರುತ್ತದೆಂದು ಕಲ್ಪಿಸಿಕೊಳ್ಳಿ ಎಂದರು. ನಾನು ಕಲ್ಪಿಸಿಕೊಂಡಿದ್ದೇನೆ. ಆ ನಿಯಮ ಬಂದ ಮರುದಿನವೇ ಪುರಾವೆಗಳು ಕಡತದ ತುಂಬ ತುಂಬಿಕೊಳ್ಳುತ್ತಿದ್ದವು.

ನಮ್ಮ ಸರಕಾರಕ್ಕೆ ಮಾತ್ರ ಈ ವಿಷಯದಲ್ಲಿ ಯಾವ ಗೊಂದಲವೂ ಇಲ್ಲ. ಖರ್ಚು ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಕುಂಕುಮ, ಬಿಂದಿ, ಡಬ್ಬಿಯ ಕಾಡಿಗೆ ಇವುಗಳಿಗೆ ಜಿಎಸ್‌ಟಿ ಸೊನ್ನೆ. ಅದೇ ಕಾಡಿಗೆ ಪೆನ್ಸಿಲಿನ ರೂಪ ತಾಳಿದೊಡನೆ ಶೇ 18. ಲಿಪ್‌ಸ್ಟಿಕ್ಕಿಗೂ ಶೇ 18. ಮುಖದ ಪೌಡರು 2025ರ ಸೆಪ್ಟೆಂಬರಿನಿಂದ ಶೇ 5ಕ್ಕೆ ಇಳಿದಿದೆಯಾದ್ದರಿಂದ ಕೆನ್ನೆಯ ಮಟ್ಟಿಗೆ ಸ್ವಲ್ಪ ಪರಿಹಾರ ಸಿಕ್ಕಿದೆ, ತುಟಿ ಇನ್ನೂ ಕಾಯಬೇಕು. ಅಂಗಡಿಯವರು ತಮ್ಮ ದೀಪಕ್ಕೂ ಎಸಿಗೂ ತೆತ್ತ ತೆರಿಗೆಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತಾರೆ. ಅದೇ ವ್ಯಾಪಾರಕ್ಕೆಂದೇ ಹಚ್ಚಿದ ತುಟಿಯ ತೆರಿಗೆ ಹುಡುಗಿಯ ಲೆಕ್ಕದಲ್ಲೇ ಉಳಿಯುತ್ತದೆ, ಏಕೆಂದರೆ ಅದು ಅವಳ ‘ಸ್ವಂತ ಶೋಕಿ’.

ಶೋಕಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. 1952ರಲ್ಲಿ ಟಾಟಾದವರು ಲ್ಯಾಕ್ಮೆ ಆರಂಭಿಸಿ, ನಮ್ಮ ಲಕ್ಷ್ಮಿಯ ಹೆಸರನ್ನೇ ಫ್ರೆಂಚ್ ಉಚ್ಚಾರದಲ್ಲಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಭಾರತದ ಹೆಣ್ಣುಮಕ್ಕಳಿಗೆ ದೇಶೀಯ ಪ್ರಸಾಧನಗಳನ್ನು ಒದಗಿಸಿದರು. ಆಮೇಲೆ ಆ ಕಂಪನಿ ಕೈಬದಲಾಯಿತು. ಸರಿಯಾಗಿ ಎಪ್ಪತ್ತು ವರ್ಷಗಳ ಬಳಿಕ, 2022ರಲ್ಲಿ, ಏರ್ ಇಂಡಿಯಾವನ್ನು ಮರಳಿ ಪಡೆದ ಅದೇ ಟಾಟಾ ಸಮೂಹದ ಆಡಳಿತವು ಗಗನಸಖಿಯರಿಗೆ ಹೊರಡಿಸಿದ ಅಂದಚಂದದ ನಿಯಮಾವಳಿಯನ್ನು ಪತ್ರಿಕೆಗಳು ಪ್ರಕಟಿಸಿದವು: ನರೆಗೂದಲು ಕಾಣಬಾರದು, ಮುತ್ತಿನ ಓಲೆ ಬೇಡ, ಸೀರೆಯ ಜೊತೆ ಬಿಂದಿ ಇಡುವುದಾದರೆ 0.5 ಸೆಂಟಿಮೀಟರ್ ಮೀರಕೂಡದು, ತುಟಿ ಮತ್ತು ಉಗುರಿನ ಬಣ್ಣಗಳು ಶೇಡ್ ಕಾರ್ಡಿನಲ್ಲಿರುವಂತೆಯೇ ಇರಬೇಕು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಪೇಂಟ್ ಅಂಗಡಿಯವರು ಕೊಡುವ ಶೇಡ್ ಕಾರ್ಡನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಆಯ್ಕೆ ಮನೆಯ ಯಜಮಾನರದು, ಗೋಡೆಯನ್ನು ಯಾರೂ ಕೇಳುವುದಿಲ್ಲ. ವಿಮಾನದಲ್ಲೂ ಅದೇ ನ್ಯಾಯ. ಹಿಂದೆ ಇದೇ ಸಂಸ್ಥೆಯ ನಿಯಮಗಳಲ್ಲಿ, ಗಗನಸಖಿ ಮೊದಲ ಬಾರಿ ಬಸುರಾದರೆ ಕೆಲಸ ಬಿಡಬೇಕೆಂದೂ ಇತ್ತು. ಅದನ್ನು ಸುಪ್ರೀಂ ಕೋರ್ಟ್ 1981ರಲ್ಲಿ ತೆಗೆದುಹಾಕಿತು. ಅದಕ್ಕೆ ಹೋಲಿಸಿದರೆ ಅರ್ಧ ಸೆಂಟಿಮೀಟರಿನ ಬಿಂದಿ ಬಹು ದೊಡ್ಡ ಪ್ರಗತಿಯೇ ಸರಿ. ವರ್ಜಿನ್ ಅಟ್ಲಾಂಟಿಕ್ ಸಂಸ್ಥೆ 2019ರಲ್ಲಿ ಮೇಕಪ್ ಕಡ್ಡಾಯವಲ್ಲ ಎಂದು ಘೋಷಿಸಿದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಮುಖ ತೊಳೆದುಕೊಂಡು ಕೆಲಸಕ್ಕೆ ಬರಬಹುದು ಎಂಬುದು ಸುದ್ದಿಯಾಗುವ ಕಾಲದಲ್ಲಿ ನಾವಿದ್ದೇವೆ.

ಇಷ್ಟೆಲ್ಲ ಬಣ್ಣದ ಹೊರೆಯನ್ನು ಹೆಣ್ಣಿನ ಮುಖದ ಮೇಲೆ ಹೇರಿದ ಮೇಲೆ, ಬಣ್ಣ ಹಚ್ಚುವ ಕಸುಬಾದರೂ ಅವಳದ್ದೇ ಇರಬೇಕು ಎಂದು ನೀವು ಊಹಿಸಬಹುದು. ತಪ್ಪು. ಮುಂಬೈ ಚಿತ್ರರಂಗದ ವೇಷಭೂಷಣ ಮತ್ತು ಮೇಕಪ್ ಕಲಾವಿದರ ಸಂಘವು ಐದು ದಶಕಗಳಿಗೂ ಹೆಚ್ಚು ಕಾಲ ಹೆಂಗಸರಿಗೆ ಮೇಕಪ್ ಕಲಾವಿದೆಯ ಕಾರ್ಡನ್ನೇ ಕೊಡುತ್ತಿರಲಿಲ್ಲ. ಬೇಕಿದ್ದರೆ ಜಡೆ ಹಾಕಿ, ಮುಖ ಮುಟ್ಟಬೇಡಿ ಎಂಬುದು ಅದರ ನೀತಿಯಾಗಿತ್ತು. ಚಾರು ಖುರಾನಾ ಎಂಬ ಕಲಾವಿದೆ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 2014ರ ನವೆಂಬರ್ 10ರಂದು ಆ ಕೋರ್ಟೇ ಅದನ್ನು ಅಸಿಂಧುಗೊಳಿಸಬೇಕಾಯಿತು. ನನಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಕ್ಕಿಲ್ಲ. ಬಣ್ಣಕ್ಕೆ ಸಂಬಳ ಬರುವ ಕಡೆ ಅದು ಗಂಡಸಿನ ಕಲೆ. ಸಂಬಳ ಬರದ ಕಡೆ ಅದು ಹೆಣ್ಣಿನ ಸಹಜ ಸ್ವಭಾವ.

ನನಗೆ ಓಲೆ ತೋರಿಸಿದವಳು ಆ ಮೂರನೆಯವಳೇ. ಬ್ರೀಫಿಂಗ್ ಮುಗಿಯುವಷ್ಟರಲ್ಲಿ ತುಟಿಗೆ ಇನ್ನೊಂದು ಸುತ್ತು ಬಳಿದುಕೊಂಡು ಬಂದಿದ್ದಳು. ಮೂವತ್ತೈದು ದಾಟಿದ ಹೆಂಗಸು. ಹುದ್ದೆಯ ಹೆಸರು ಸೇಲ್ಸ್ ಗರ್ಲ್. ಕೆಲಸ ಬಲ್ಲವಳು. ನನ್ನ ಕಿವಿಯ ತೂತು ಹಳೆಯ ಬೆಂಡೋಲೆಯ ಭಾರಕ್ಕೆ ಜೋತಿರುವುದನ್ನು ಒಂದೇ ನೋಟಕ್ಕೆ ಗುರುತಿಸಿ, ಹಗುರವಾದ, ಹಿಂದೆ ಅಗಲ ತಿರುಪಿರುವ ಜೊತೆಗಳನ್ನಷ್ಟೇ ಹೊರತೆಗೆದಳು. ವೇಸ್ಟೇಜ್ ಎಷ್ಟು, ಕಲ್ಲಿನ ತೂಕ ಕಳೆದರೆ ಚಿನ್ನವೆಷ್ಟು ಎಂಬುದನ್ನು ಕ್ಯಾಲ್ಕುಲೇಟರ್ ಮುಟ್ಟದೆ ಹೇಳಿದಳು. ಇದಾವುದೂ ಅಂಗಡಿಯ ಬೋರ್ಡಿನ ಮೇಲಿರಲಿಲ್ಲ. ಕುಳಿತು ಮಾತಾಡಮ್ಮಾ ಎಂದರೆ ನಕ್ಕಳು. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ, ಅಂಗಡಿಯ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನನ್ನೇ ತಿದ್ದಬೇಕಾಯಿತು ಎಂಬುದು ಆಗ ನೆನಪಾಗಿ ನಾನೂ ಸುಮ್ಮನಾದೆ.

ಊಟದ ವಿಷಯ ಅವಳೇ ಹೇಳಿದಳು. ಮಧ್ಯಾಹ್ನ ಮೊಸರನ್ನದ ತುತ್ತನ್ನು ತುಟಿಗೆ ತಾಗಿಸದೆ, ಗುಟುಕು ತಿನ್ನುವ ಹಕ್ಕಿಮರಿಯ ಹಾಗೆ ಬಾಯಿ ಅಗಲ ಮಾಡಿ ಒಳಗೆ ಹಾಕಿಕೊಳ್ಳುವುದನ್ನು ಎಲ್ಲರೂ ಕಲಿತಿದ್ದಾರಂತೆ. ಅಳಿಸಿಹೋದರೆ ಮತ್ತೆ ಹಚ್ಚಬೇಕು, ಹಚ್ಚಿದಷ್ಟೂ ಕಡ್ಡಿ ಬೇಗ ಸವೆಯುತ್ತದೆ. ‘ಡಲ್ ಆಗಿ ಕಾಣ್ತಿದ್ದೀರ’ ಎಂದು ತಿಂಗಳಿಗೆ ಮೂರು ಸಲ ಬರೆಸಿಕೊಂಡರೆ ಇನ್ಸೆಂಟಿವ್‌ಗೆ ಕತ್ತರಿ. ಹಾಗಾದರೆ ಸಂಜೆ ಮನೆಗೆ ಹೋಗಿ ತೊಳೆದುಕೊಂಡರೆ ಹಾಯೆನಿಸಬೇಕಲ್ಲವೇ ಎಂದೆ.

“ಮನೆವರೆಗೂ ಎಲ್ಲಿ ಮೇಡಂ, ಬಸ್ಸಲ್ಲೇ ಒರೆಸ್ಕೊಂಡ್ಬಿಡ್ತೀನಿ” ಎಂದಳು. “ರಾತ್ರಿ ಒಂಬತ್ತೂವರೆಗೆ ಈ ಮುಖ ಇಟ್ಕೊಂಡು ನಮ್ ಏರಿಯಾದಲ್ಲಿ ಇಳಿದ್ರೆ ಏನೇನೋ ಅಂತಾರೆ. ಬ್ಯಾಗಲ್ಲಿ ಒಂದು ಚಿಕ್ಕ ಬಾಟ್ಲಿ ಕೊಬ್ಬರಿ ಎಣ್ಣೆ ಇಟ್ಟಿರ್ತೀನಿ.”

ಬಿಲ್ ಮುಗಿದ ಮೇಲೆ ಮ್ಯಾನೇಜರ್ ಸಾಹೇಬರು ಬಂದು, ಅಭಿಪ್ರಾಯ ತಿಳಿಸಿ ಎಂದು ಟ್ಯಾಬ್ಲೆಟ್ ಒಂದನ್ನು ನನ್ನ ಕೈಗಿತ್ತರು. ‘ನಿಮಗೆ ಸೇವೆ ನೀಡಿದ ಸಿಬ್ಬಂದಿಯ ತೋರಿಕೆ ಹೇಗಿತ್ತು?’ ಎಂಬುದು ಅದರ ಮೊದಲ ಪ್ರಶ್ನೆ. ನಾಲ್ಕು ಕೊಟ್ಟರೂ ಅವಳ ಇನ್ಸೆಂಟಿವ್ ಹೋಗಬಹುದೆಂಬ ಭಯಕ್ಕೆ ಐದು ನಕ್ಷತ್ರಗಳನ್ನೂ ಒತ್ತಿ, ಹೀಗೆ ನಾನೂ ಒಬ್ಬ ತಪಾಸಣಾಧಿಕಾರಿಯಾದೆ. ಹೇಗೂ ಅಧಿಕಾರ ಬಂತಲ್ಲ ಎಂದು, ಕಿವಿಯ ಕೂದಲಿನ ಬಗ್ಗೆಯೂ ಎರಡು ಮಾತು ದಾಖಲಿಸೋಣವೆಂದು ‘ಸಿಬ್ಬಂದಿಯನ್ನು ಆಯ್ಕೆಮಾಡಿ’ ಎಂಬಲ್ಲಿ ಒತ್ತಿದೆ. ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು. ಅವರ ಹೆಸರು ಇರಲಿಲ್ಲ.